ಇಥಿಯೋಪಿಯಾದ ಗುಲಾಬಿ ಮೇಜಿನ ಮುಂದೆ ಮೂರು ವಾರ

ಜೂಜುವಾಡಿ

ವಿದೇಶಕ್ಕೆ ಹೋಗಿ ಬಂದೆ ಎಂದರೆ ನಮ್ಮ ರಾಯಕೋಟೆ ಕಡೆಯವರು ಮೊದಲು ಕೇಳುವುದು ದುಬೈಯಾ, ಸಿಂಗಾಪುರವಾ ಎಂದು. ಇಥಿಯೋಪಿಯಾ ಎಂದರೆ, "ಅಲ್ಲಿ ಉಣ್ಣಾಕೇ ಇಲ್ವಂತಲ್ಲಮ್ಮಾ, ನೀನ್ಯಾಕೋದೆ?" ಎನ್ನುತ್ತಾರೆ. ಅವರನ್ನು ಆಡಿಕೊಳ್ಳುವ ಹಾಗಿಲ್ಲ. ನಾನೂ ಹಾಗೇ ನಂಬಿಕೊಂಡು ರಾಗಿಹಿಟ್ಟು, ಹುರುಳಿಕಾಳು, ಎರಡು ಡಬ್ಬ ಚಟ್ನಿಪುಡಿ ಕಟ್ಟಿಕೊಂಡು ಹೊರಟವಳು.

ಹೋದದ್ದು ಸುತ್ತಾಡುವುದಕ್ಕಲ್ಲ. ಹೊಸೂರಿನಿಂದ ಡೆಂಕಣಿಕೋಟೆಗೆ ಹೋಗುವ ರಸ್ತೆಯಲ್ಲಿರುವ ಒಂದು ಗುಲಾಬಿ ಕಂಪನಿಯಲ್ಲಿ ನಾನು ಪ್ಯಾಕ್‌ಹೌಸ್ ಸೂಪರ್‌ವೈಸರ್. ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿನಲ್ಲಿ ಕೊಯ್ದ ಹೂವನ್ನು ಉದ್ದ ನೋಡಿ ವಿಂಗಡಿಸಿ, ಕೆಳಗಿನ ಎಲೆ ಮುಳ್ಳು ಸವರಿ, ಇಪ್ಪತ್ತಿಪ್ಪತ್ತು ಹೂವಿನ ಕಟ್ಟು ಕಟ್ಟಿ, ವಿಮಾನ ಹತ್ತಿಸಲು ಸಿದ್ಧ ಮಾಡುವ ಜಾಗಕ್ಕೆ ಪ್ಯಾಕ್‌ಹೌಸ್ ಎನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ದಿನಗೂಲಿಗೆ ಸೇರಿದವಳು ಅಲ್ಲೇ ಮೇಲೆ ಬಂದೆ. ಕಂಪನಿಯ ಮಾಲೀಕರು ಯಾರೆಂದು ನನಗೆ ಇಂದಿಗೂ ಸರಿಯಾಗಿ ತಿಳಿಯದು, ಯೂರೋಪಿನವರು ಎನ್ನುತ್ತಾರೆ. ಅವರಿಗೆ ನಮ್ಮಲ್ಲಿರುವ ಹಾಗೇ ಇಥಿಯೋಪಿಯಾದಲ್ಲೂ ತೋಟವಿದೆ. ಅಲ್ಲಿನ ಹೆಂಗಸರಿಗೆ ನಮ್ಮ ಕೈಕೆಲಸ ಕಲಿಸಿ ಬಾ ಎಂದು ಮೂರು ವಾರಕ್ಕೆ ಕಳಿಸಿದರು. ಕಂಪನಿಯ ಹೆಸರನ್ನಾಗಲಿ ಆ ಊರಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಅಲ್ಲೂ ಇಲ್ಲೂ ಅದರಿಂದಲೇ ಅನ್ನ ತಿನ್ನುವವರಿದ್ದಾರೆ, ನಾನೂ ಅವರಲ್ಲಿ ಒಬ್ಬಳು.

ನನ್ನ ಜೊತೆ ಮೊದಲ ದಿನದಿಂದ ಕೆಲಸ ಮಾಡುತ್ತಿರುವ ಮುನಿರತ್ನಕ್ಕನಿಗೆ ಈ ಪ್ರಯಾಣ ಚೂರೂ ಹಿಡಿಸಿರಲಿಲ್ಲ.

"ಕಲ್ಸು, ಚೆನ್ನಾಗ್ ಕಲ್ಸು. ಅವ್ರು ಕಲ್ತ್ಮೇಲೆ ನಮ್ ಮೇಜ್ನೆಲ್ಲಾ ಅಲ್ಲಿಗೇ ಎತ್ಕೊಂಡೋಗ್ಬುಡ್ತಾರೆ. ಆಮೇಲ್ ನೀನೂ ನಾನೂ ರಾಯಕೋಟೆ ಮಂಡೀಲಿ ಟಮಾಟೆ ಆರಿಸ್ತಾ ಕೂರನ," ಎಂದಳು.

"ಮೂರು ವಾರಕ್ಕೆ ಯಾರಕ್ಕಾ ಕಲೀತಾರೆ? ಸುಮ್ನಿರು," ಎಂದು ನಗಾಡಿ ಹೊರಟೆ.

ಮೊದಲ ವಿಘ್ನ ಹೊಸೂರು ದಾಟಿದ ಕೂಡಲೇ, ತಮಿಳುನಾಡಿನ ಅಂಚಿನ ಜೂಜುವಾಡಿಯಲ್ಲೇ ಕಾದಿತ್ತು. ಕಂಪನಿಯ ಕಾರು ಲಾರಿಗಳ ನಡುವೆ ಸಿಕ್ಕಿಕೊಂಡು ಅಲ್ಲಾಡಲಿಲ್ಲ. ಅತ್ತಿಬೆಲೆಯ ಗಡಿ ಕಣ್ಣೆದುರಿಗೇ ಕಾಣುತ್ತಿದೆ, ನಡೆದರೆ ಹತ್ತು ನಿಮಿಷ, ಕಾರಿನಲ್ಲಿ ಕೂತರೆ ಮುಗಿಯುವುದೇ ಇಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣದೊಳಗೆ ಓಡಿಕೊಂಡೇ ಹೋಗಿ ಸೇರಿದೆ. ಅಲ್ಲಿ ಒಬ್ಬ ಅಧಿಕಾರಿ ರಾಗಿಹಿಟ್ಟಿನ ಪೊಟ್ಟಣವನ್ನು ಬಿಚ್ಚಿ, ಮೂಸಿ, ಬೆಳಕಿಗೆ ಹಿಡಿದು, ಏನಮ್ಮಾ ಇದು ಎಂದು ಕೇಳಿದರು. ಮುದ್ದೆ ಸಾರ್ ಎಂದೆ. ಆತ ಮಂಡ್ಯದ ಕಡೆಯವರಂತೆ, ನಕ್ಕು ಬಿಟ್ಟುಬಿಟ್ಟರು. ಆಮೇಲೆ ಸಮುದ್ರ ದಾಟಿದ್ದು ಗೊತ್ತೇ ಆಗಲಿಲ್ಲ, ನಿದ್ದೆ ಬಂದಿತ್ತು.

ಮೊದಲ ದಿನ: ಎರಡು ಗಂಟೆ

ರಾಜಧಾನಿ ಅಡಿಸ್ ಅಬಾಬಾದಿಂದ ತೋಟದ ಊರಿಗೆ ಹೋಗುವ ದಾರಿಯುದ್ದಕ್ಕೂ ನೀಲಗಿರಿ ಮರಗಳು. ಚಳಿ, ಕೆಂಪು ಮಣ್ಣು, ಕತ್ತೆಯ ಮೇಲೆ ಹುಲ್ಲಿನ ಹೊರೆ. ಕತ್ತೆಗಳನ್ನು ಬಿಟ್ಟರೆ ಉಳಿದದ್ದು ಥೇಟ್ ಡೆಂಕಣಿಕೋಟೆಯ ದಾರಿಯೇ. ಉಣ್ಣಲು ಇಲ್ಲದ ದೇಶವೆಂದು ಹೋದವಳಿಗೆ ದಾರಿಬದಿಯ ಹೋಟೆಲಿನಲ್ಲಿ ಒಂದು ಹಾಸಿಗೆಯಷ್ಟು ಅಗಲದ ದೋಸೆ ತಂದಿಟ್ಟರು. ಅದನ್ನು ಇಂಜೆರಾ ಎನ್ನುತ್ತಾರೆ. ಮೂರು ದಿನ ಹುಳಿ ಬರಿಸಿದ ಹಿಟ್ಟು, ಒಂದೇ ಬದಿ ಬೇಯಿಸಿದ್ದು. ಮೊದಲ ತುತ್ತಿಗೆ ಮುಖ ಹಿಂಡಿಕೊಂಡೆ, ನಾಲ್ಕನೆಯ ದಿನಕ್ಕೆ ಎರಡನೆಯದನ್ನು ಕೇಳುತ್ತಿದ್ದೆ.

ನನ್ನ ಮಾತನ್ನು ಅವರಿಗೂ ಅವರ ಮಾತನ್ನು ನನಗೂ ದಾಟಿಸಲು ತೋಟದ ಆಫೀಸಿನ ತಿಗಿಸ್ತ್ ಎಂಬ ಹೆಂಗಸನ್ನು ಜೊತೆ ಮಾಡಿದ್ದರು. ಆಕೆಗೆ ಒಳ್ಳೆಯ ಇಂಗ್ಲಿಷ್, ನನಗೆ ಫ್ಯಾಕ್ಟರಿ ಇಂಗ್ಲಿಷ್. ನಾಳೆ ಎಷ್ಟೊತ್ತಿಗೆ ಬರಲಿ ಎಂದು ಕೇಳಿದ್ದಕ್ಕೆ ಎರಡು ಗಂಟೆಗೆ ಎಂದಳು. ಪರವಾಗಿಲ್ಲ, ಸಾಹೇಬರ ಕಂಪನಿ, ಬಂದವರನ್ನು ಒಂದು ಹೊತ್ತು ಮಲಗಲು ಬಿಡುತ್ತಾರೆ ಎಂದುಕೊಂಡೆ. ಮುದ್ದೆ ತೊಳಸಿ, ಹುರುಳಿ ಸಾರು ಮಾಡಿ, ಉಂಡು, ತಲೆ ಬಾಚಿ, ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಹೋದರೆ ಪ್ಯಾಕ್‌ಹೌಸಿನ ನಲವತ್ತು ಹೆಂಗಸರೂ ಬೆಳಗಿನಿಂದ ನನಗಾಗಿ ಕಾದಿದ್ದರು. ಅಲ್ಲಿ ಸೂರ್ಯ ಹುಟ್ಟಿದಾಗಿನಿಂದ ಗಂಟೆ ಎಣಿಸುತ್ತಾರೆ. ಅವರ ಎರಡು ಗಂಟೆ ಎಂದರೆ ನಮ್ಮ ಬೆಳಗಿನ ಎಂಟು. ನಾಚಿಕೆಯಿಂದ ಸತ್ತೇಹೋದೆ. ಆದರೂ ಯೋಚಿಸಿದರೆ, ಹೊತ್ತು ಹುಟ್ಟಿದಾಗಿನಿಂದ ಎಣಿಸುವುದರಲ್ಲಿ ತಪ್ಪೇನಿದೆ? ನಡುರಾತ್ರಿ ಎಲ್ಲರೂ ಮಲಗಿರುವಾಗ ದಿನ ಶುರುವಾಯಿತು ಎನ್ನುವ ನಮ್ಮ ಗಡಿಯಾರವೇ ನನಗೆ ವಿಚಿತ್ರವಾಗಿ ಕಂಡಿತು.

ಅವರದು ಇನ್ನೊಂದು ಅಭ್ಯಾಸ. ಗೊತ್ತಾಯ್ತಾ ಎಂದು ಕೇಳಿದರೆ ತಲೆ ಆಡಿಸುವುದಿಲ್ಲ, ಚೇಳು ಕಚ್ಚಿದವರ ಹಾಗೆ ಬಾಯಿಂದ ಹಾ ಎಂದು ಉಸಿರನ್ನು ಒಳಗೆಳೆಯುತ್ತಾರೆ. ಅದು ಹೌದು ಎನ್ನುವ ರೀತಿ. ನಾನು ಮೊದಲ ದಿನವೆಲ್ಲಾ ಮುಳ್ಳು ಚುಚ್ಚಿತೇನೋ ಎಂದು ಗಾಬರಿಯಿಂದ ಒಬ್ಬೊಬ್ಬರ ಕೈಯನ್ನೂ ಹಿಡಿದು ನೋಡಿದೆ. ಅವರು ಸುಮ್ಮನೆ ತೋರಿಸಿದರು, ಇದು ಭಾರತದವರ ಪದ್ಧತಿಯಿರಬೇಕು ಎಂದುಕೊಂಡರಂತೆ.

ಮೂರನೆಯ ದಿನ: ಹತ್ತು ನಿಮಿಷ

ಆ ತೋಟದ ಮ್ಯಾನೇಜರ್ ನಮ್ಮವರೇ, ಕೃಷ್ಣಗಿರಿಯ ಸೆಲ್ವಂ. ಮೊದಲು ಅಲ್ಲೇ ಮಾವಿನ ತಿರುಳು ತೆಗೆಯುವ ಫ್ಯಾಕ್ಟರಿಯಲ್ಲಿದ್ದು, ಹೊಸೂರಿನಲ್ಲಿ ಕನ್ನಡ ಕಲಿತು, ಇಲ್ಲಿಗೆ ಬಂದವರು. ನನ್ನನ್ನು ಕಂಡಾಗ ಮಾವಿನಹಣ್ಣಿನ ಕಾಲವಾ ಈಗ ಎಂದು ಕೇಳಿದ ಮುಖ ನೋಡಿ ಅಯ್ಯೋ ಪಾಪ ಅನ್ನಿಸಿತು. ಕೆಟ್ಟ ಮನುಷ್ಯನಲ್ಲ. ಹೆಂಗಸರ ಮುಂದೆ ದನಿ ಎತ್ತಿದ್ದನ್ನು ನಾನು ಕಾಣಲಿಲ್ಲ.

"ಜಯಮ್ಮಾ, ಎರಡ್ ದಿನಾ ಆಯ್ತು ಪಾಠ ಹೇಳಿದ್ದು. ಒಂದ್ ಹತ್ ನಿಮ್ಸ ನಮ್ಮೂರ್ ಸ್ಪೀಡ್ ತೋರ್ಸಿ ಬಿಡಮ್ಮಾ, ಇವ್ರೂ ನೋಡ್ಲಿ," ಎಂದು ಹೊತ್ತು ಅಳೆಯಲು ಜೇಬಿನಿಂದ ಫೋನ್ ತೆಗೆದರು.

ಇಲ್ಲಿ ನನ್ನ ಹುಟ್ಟುಗುಣ ಹೇಳಬೇಕು. ರಾಯಕೋಟೆಯಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ವ್ಯಾಪಾರಿಗಳಿಗೆ ಹೂ ಕಟ್ಟಿಕೊಡುತ್ತಿದ್ದೆವು. ಯಾರ ಬುಟ್ಟಿ ಮೊದಲು ಖಾಲಿಯಾಗುತ್ತದೋ ಅವರಿಗೆ ಮುಡಿಯಲು ಒಂದು ಮೊಳ. ಆ ಒಂದು ಮೊಳಕ್ಕಾಗಿ ಬೆರಳು ಹರಿದುಕೊಂಡು ಓಡಿಸುತ್ತಿದ್ದೆವು. ಬೀದಿಯಲ್ಲಿ ಹೋಗುವ ನೆಂಟರು ನಿಂತು ನೋಡಿದರಂತೂ ಮುಗಿಯಿತು, ಕೈಗೆ ಹುಚ್ಚೇ ಹಿಡಿಯುತ್ತಿತ್ತು. ನೋಡುವವರ ಮುಂದೆ ನಿಧಾನವಾಗಿ ಕಟ್ಟುವುದು ನಮ್ಮಲ್ಲಿ ಯಾರಿಂದಲೂ ಆಗದು.

ಇಲ್ಲಿ ನಲವತ್ತು ಹೆಂಗಸರು ನೋಡುತ್ತಿದ್ದರು, ಅದೂ ಬೇರೆ ದೇಶದವರು. ಕೋಟಿನ ತೋಳು ಮಡಿಚಿ ಮೇಜಿನ ಮುಂದೆ ನಿಂತೆ. ಎಡಗೈ ಹೂ ಎತ್ತಿ ಅಳೆಯುತ್ತಿದೆ, ಬಲಗೈ ಎಲೆ ಸವರುತ್ತಿದೆ, ಕಣ್ಣು ಮುಂದಿನ ಹೂವಿನ ಮೇಲಿದೆ. ಮೊಗ್ಗು ಸಮ ಮಾಡಿ, ರಟ್ಟು ಸುತ್ತಿ, ರಬ್ಬರ್ ಹಾಕಿ, ಬುಡ ಕತ್ತರಿಸಿ ನೀರಿಗೆ ಇಟ್ಟೆ. ಮುಂದಿನದು, ಅದರ ಮುಂದಿನದು. ಹತ್ತು ನಿಮಿಷಕ್ಕೆ ಎಂಟು ಕಟ್ಟು. ಹೆಂಗಸರು ನಾಲಿಗೆ ಆಡಿಸಿ ಲಿಲಿಲಿ ಎಂದು ಕೂಗು ಹಾಕಿದರು, ಮದುವೆ ಮನೆಯಲ್ಲಿ ಹಾಕುವ ಕೂಗಂತೆ ಅದು. ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿಹೋದೆ. ಹಣೆಯ ಬೆವರು ಒರೆಸಿಕೊಳ್ಳುತ್ತಾ ಇದೇನು ಮಹಾ ಎಂಬಂತೆ ನಿಂತುಕೊಂಡೆ ಕೂಡ.

ಮಾರನೆಯ ಬೆಳಗ್ಗೆ ಬಾಗಿಲ ಪಕ್ಕದ ಹಲಗೆಯ ಮೇಲೆ ಗಂಟೆಗೆ ಇಷ್ಟು ಕಟ್ಟು ಎಂದಿದ್ದ ಹಳೆಯ ಇಪ್ಪತ್ತೈದನ್ನು ಅಳಿಸಿ ಕೆಂಪು ಮಸಿಯಲ್ಲಿ ನಲವತ್ತು ಎಂದು ಬರೆದಿತ್ತು. ಹತ್ತು ನಿಮಿಷಕ್ಕೆ ಎಂಟಾದರೆ ಗಂಟೆಗೆ ನಲವತ್ತೆಂಟು, ಇವರು ಹೊಸಬರು, ಎಂಟು ರಿಯಾಯಿತಿ ಎಂದು ಸೆಲ್ವಂ ಸಾರ್ ವಿವರಿಸಿದರು. ನಮ್ಮ ಹೊಸೂರಿನಲ್ಲೇ ಅಷ್ಟಿಲ್ಲ. ನಾನು ಹೊರಡುವ ಶನಿವಾರ ಎಲ್ಲರ ಕೈಯನ್ನೂ ಒಂದು ಗಂಟೆ ಅಳೆಯುವುದು, ಹಲಗೆಯ ಲೆಕ್ಕ ಮುಟ್ಟದವರನ್ನು ಮೇಜಿನಿಂದ ತೆಗೆದು ಬೇಕಾದಾಗ ಮಾತ್ರ ಕರೆಯುವ ದಿನಗೂಲಿಗೆ ಹಾಕುವುದು ಎಂದು ತೀರ್ಮಾನವಾಗಿತ್ತು. ಅಳೆದು ಸಹಿ ಹಾಕಬೇಕಾದವಳು ನಾನೇ.

ಹೆಂಗಸರು ಹಲಗೆಯನ್ನು ನೋಡಿದರು, ಆಮೇಲೆ ನನ್ನ ಕೈಯನ್ನು ನೋಡಿದರು. ಅವತ್ತು ಯಾರೂ ಕೂಗು ಹಾಕಲಿಲ್ಲ. ಮೂಲೆಯ ಮೇಜಿನ ಅಲ್ಮಾಜ್ ಎಂಬವಳು ಎಲ್ಲರಿಗಿಂತ ನಿಧಾನ, ಅವಳದು ಇಪ್ಪತ್ತೈದೂ ದಾಟುತ್ತಿರಲಿಲ್ಲ. ಸೋಮಾರಿಯಲ್ಲ. ಒಂದೊಂದು ಹೂವನ್ನೂ ತಿರುಗಿಸಿ, ದಳದ ಹಿಂದೆ ಮಚ್ಚೆಯಿದೆಯೇ ಎಂದು ನೋಡಿ ಇಡುವಳು. ಅವಳ ಕಟ್ಟನ್ನು ಎತ್ತಿ ನೋಡಿದರೆ ತಪ್ಪು ಹುಡುಕಲು ಆಗುತ್ತಿರಲಿಲ್ಲ. ಅವಳಿಗೆ ನಲವತ್ತು ಎಂದರೆ ಕೆಲಸ ಹೋಯಿತೆಂದೇ ಅರ್ಥ.

ಭಾನುವಾರ: ಅಲ್ಮಾಜಳ ಮನೆ

ಕೆಲಸ ಕಳೆಯಲು ಬಂದವಳನ್ನು ಕಾಫಿಗೆ ಕರೆಯುವುದು ಎಂಥ ಮನಸ್ಸೋ ನನಗೆ ತಿಳಿಯದು. ತಿಗಿಸ್ತ್ ಜೊತೆಗೆ ಹೋದೆ. ನೀಲಗಿರಿ ತೋಪಿನಾಚೆ ಮಣ್ಣಿನ ಗೋಡೆ, ತಗಡಿನ ಸೂರು. ಅಲ್ಮಾಜಳ ಅಪ್ಪ, ಶಾಲೆಗೆ ಹೋಗುವ ಮಗಳು, ಅವಳು, ಮೂವರೇ. ನೆಲಕ್ಕೆ ಹಸಿ ಹುಲ್ಲು ಹರಡಿ, ಕೆಂಡದ ಮೇಲೆ ಕಾಫಿಬೀಜ ಹುರಿದು, ಹೊಗೆಯನ್ನು ಒಬ್ಬೊಬ್ಬರ ಮುಖದ ಹತ್ತಿರ ತಂದು ಮೂಸಲು ಕೊಟ್ಟಳು. ಒಂದು ಲೋಟ ಕುಡಿದು, ಬರ್ತೀನಮ್ಮಾ ಎಂದು ಎದ್ದೆ. ತಿಗಿಸ್ತ್ ನನ್ನ ಸೆರಗು ಹಿಡಿದು ಕೂರಿಸಿದಳು. ಮೂರು ಸುತ್ತು ಕುಡಿಯದೆ ಎದ್ದರೆ ಮನೆಯವರಿಗೆ ಅವಮಾನವಂತೆ.

ಊಟಕ್ಕೆ ಎಲ್ಲರಿಗೂ ಒಂದೇ ತಟ್ಟೆ. ಅಲ್ಮಾಜ್ ಇಂಜೆರಾ ಮುರಿದು, ಬೇಳೆಯಲ್ಲಿ ಅದ್ದಿ, ಉಂಡೆ ಮಾಡಿ ನನ್ನ ಬಾಯಿಯ ಹತ್ತಿರ ತಂದಳು. ನಾನು ಹಿಂದೆ ಸರಿದು, ಕೈ ಒಡ್ಡಿ, ಕೈಗೆ ಹಾಕಿಸಿಕೊಂಡೆ. ಎಂಜಲು ಎಂಬುದು ನನ್ನ ಮೈಯಲ್ಲೇ ಇದೆ, ಬೇಕೆಂದು ಮಾಡಿದ್ದಲ್ಲ. ಅವಳ ಮುಖ ಬಾಡಿಹೋಯಿತು. ಪ್ರೀತಿಯವರಿಗೆ, ಗೌರವ ಕೊಡಬೇಕಾದವರಿಗೆ ಹೀಗೆ ಬಾಯಿಗೇ ತುತ್ತು ಕೊಡುತ್ತಾರೆ, ಕೈಗೆ ತೆಗೆದುಕೊಂಡರೆ ನೀನು ಬೇಡ ಎಂದ ಹಾಗೆ ಎಂದು ತಿಗಿಸ್ತ್ ಪಿಸುಗುಟ್ಟಿದಳು. ನನಗೆ ನನ್ನ ಅಮ್ಮ ಬಿಟ್ಟರೆ ಯಾರೂ ಬಾಯಿಗೆ ಇಟ್ಟವರಿಲ್ಲ. ಬಾಯಿ ತೆರೆದು ಕೂತೆ. ಎರಡನೆಯ ತುತ್ತು ಇಟ್ಟಳು. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದು ಹೇಳಿದೆ, ಖಾರವೂ ಇತ್ತು.

ಬಾಗಿಲಲ್ಲಿ ಕೂತಿದ್ದ ಅವಳಪ್ಪ ಎದುರಿನ ದಿಬ್ಬದ ಪಾಲಿಹೌಸುಗಳನ್ನು ತೋರಿಸಿದ. ಅದೆಲ್ಲ ಬಾರ್ಲಿ ಬೆಳೆಯುತ್ತಿದ್ದ ಜಾಗ, ಅವನದೂ ಒಂದು ತುಂಡಿತ್ತು, ಸರ್ಕಾರ ಕಂಪನಿಗೆ ಕೊಟ್ಟಿತು. ಬಾರ್ಲಿಯನ್ನು ನಾವು ತಿನ್ನುತ್ತಿದ್ದೆವು, ಈ ಹೂವನ್ನು ಯಾರು ತಿನ್ನುತ್ತಾರೆ ಎಂದ. ಅಲ್ಮಾಜ್ ಸುಮ್ಮನಿರಲಿಲ್ಲ. ಬಾರ್ಲಿ ಇದ್ದಾಗ ಮಳೆಗಾಲದ ಮೂರು ತಿಂಗಳು ಒಂದು ಹೊತ್ತಿನ ಊಟ, ಅದು ಮರೆತುಹೋಯಿತಾ ಅಪ್ಪಾ ಎಂದು ಕೇಳಿದಳು. ತಗಡು ಯಾರು ಹಾಕಿಸಿದ್ದು, ಮಗಳ ಪುಸ್ತಕ ಯಾರು ತಂದದ್ದು ಎಂದಳು. ಅವನು ಬೇರೆ ಕಡೆ ಮುಖ ತಿರುಗಿಸಿದ.

ನನಗೆ ನಮ್ಮೂರಿನ ಜಗಳವನ್ನೇ ಕೇಳಿದ ಹಾಗಾಯಿತು. ನಮ್ಮ ಪಾಲಿಹೌಸು ನಿಂತಿರುವುದೂ ರಾಗಿಹೊಲದ ಮೇಲೆ. ಕಂಪನಿ ಕೊರೆದ ಆಳದ ಬೋರಿಗೆ ಸುತ್ತಲಿನ ಬೋರುಗಳು ಒಣಗಿದವು ಎಂದು ನನ್ನ ಮೈದುನ ಇವತ್ತಿಗೂ ಬೈಯುತ್ತಾನೆ. ಆದರೆ ನನ್ನ ಮಗಳು ನರ್ಸಿಂಗ್ ಓದಿದ್ದು ಅದೇ ಕಂಪನಿಯ ಸಂಬಳದಲ್ಲಿ. ಆ ಸಂಬಳ ಬಂದ ಮೇಲೆಯೇ ನನ್ನ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಬಂದದ್ದು. ಕಂಪನಿಯನ್ನು ಬೈಯಲು ಹೋದರೆ ಅನ್ನ ನೆನಪಾಗುತ್ತದೆ, ಹೊಗಳಲು ಹೋದರೆ ಆ ಒಣಗಿದ ಬೋರು ನೆನಪಾಗುತ್ತದೆ. ಇಪ್ಪತ್ತು ವರ್ಷದಿಂದ ನಾನು ಎರಡರ ನಡುವೆಯೇ ಇದ್ದೇನೆ.

ಮೂರನೆಯ ಕಾಫಿಗೆ ಅಲ್ಮಾಜ್ ಕೇಳಿದಳು. ತಿಗಿಸ್ತ್ ದಾಟಿಸಿದಳು.

"ನಿಮ್ಮ ದೇಶದಲ್ಲಿ ಬೆಳಗಿನಿಂದ ಸಂಜೆಯವರೆಗೂ ಹಾಗೇ ಓಡಿಸ್ತೀರಾ? ಮನೆಗೆ ಹೋದ ಮೇಲೆ ಹಿಟ್ಟು ಕಲಸೋಕೆ ಕೈ ಉಳಿಯುತ್ತಾ?"

ನಾನು ಲೋಟ ಕೆಳಗಿಟ್ಟೆ. ಇಲ್ಲ, ಓಡಿಸುವುದಿಲ್ಲ. ಹಾಗೆ ಒಂದು ಗಂಟೆ ಓಡಿಸಿದರೆ ನಾನೂ ಬೀಳುತ್ತೇನೆ. ಅದು ಪಂದ್ಯದ ಕೈ, ಕೆಲಸದ ಕೈಯಲ್ಲ. ನನ್ನ ಹತ್ತು ನಿಮಿಷದ ಜಂಭ ಈ ಮನೆಯ ಒಲೆಗೆ ನೀರು ಹಾಕುತ್ತಿದೆ ಎಂದು ಆಗ ಸರಿಯಾಗಿ ಅರ್ಥವಾಯಿತು. ನಾಳೆ ಮ್ಯಾನೇಜರಿಗೆ ಹೇಳುತ್ತೇನೆ ಎಂದಷ್ಟೇ ಹೇಳಿ ಎದ್ದೆ.

ಸೋಮವಾರ: ಎಂಟು ಗಂಟೆ

"ಅಪ್ಪಡಿಯಾ? ಇದ್ನ ಈಗ ಹೇಳ್ತಿದೀಯಾ?" ಎಂದರು ಸೆಲ್ವಂ ಸಾರ್. "ನಾನ್ ಮೇಲ್ನೋರ್ಗೆ ನಲವತ್ತು ಅಂತ ಮೇಲ್ ಹಾಕ್ಬುಟ್ಟಿದೀನಿ ಕಣಮ್ಮಾ."

"ತಪ್ಪಾಯ್ತು ಸಾರ್. ನೋಡೋರಿದ್ರೆ ನನ್ ಕೈ ನಿಲ್ಲಲ್ಲ. ಹೊಸೂರಲ್ಲೇ ನಾವು ಅಷ್ಟ್ ಮಾಡಲ್ಲ, ನಿಮ್ಗೂ ಗೊತ್ತು."

"ಗೊತ್ತು. ಆದ್ರೆ ಕೇಳು. ಇಲ್ಲಿ ಮೇಜು ನಿಧಾನ ಅಂದ್ರೆ ಆರ್ಡರು ಕೆನ್ಯಾಕ್ಕೆ ಹೋಯ್ತದೆ. ಅಲ್ಲಿ ನಿಧಾನ ಅಂದ್ರೆ ಇನ್ನೆಲ್ಲಿಗೋ. ಕಂಪ್ನಿಗೇನು ಊರಾ, ಮನೆಯಾ? ಆ ಅಲ್ಮಾಜ್ ಒಬ್ಳ ಕೆಲ್ಸ ಉಳ್ಸೋಕೋಗಿ ನಲವತ್ ಜನದ್ದು ಹೋದ್ರೆ ಯಾರ್ ಜವಾಬ್ದಾರಿ? ನೀನಾ, ನಾನಾ?"

ಆ ಮಾತನ್ನು ಸುಮ್ಮನೆ ತಳ್ಳಿಹಾಕಲು ಬರುವುದಿಲ್ಲ. ನಮ್ಮ ಹೊಸೂರಿನಲ್ಲೇ ಬೀಗ ಹಾಕಿಕೊಂಡು ಹೋದ ಕಂಪನಿಗಳನ್ನು ನೋಡಿದ್ದೇನೆ. ಗೇಟಿನ ಮುಂದೆ ಟೀ ಅಂಗಡಿ ಇಟ್ಟವನ ತನಕ ಎಲ್ಲರೂ ಮುಳುಗುತ್ತಾರೆ. ಆದರೂ ಅಲ್ಲೇ ನಿಂತುಕೊಂಡೆ.

"ಸಾರ್, ನಾನೇ ಇವತ್ತು ದಿನವೆಲ್ಲಾ ಮೇಜಿನ ಮುಂದೆ ನಿಲ್ತೀನಿ. ಎಷ್ಟು ಬತ್ತದೋ ಅದು ನನ್ ನಿಜವಾದ ಲೆಕ್ಕ. ಅದ್ನ ಮೇಲ್ನೋರ್ಗೆ ಬರೀರಿ. ಸುಳ್ ಲೆಕ್ಕ ಕೊಟ್ಟು ನಾಳೆ ಹೂ ಕಮ್ಮಿ ಬಂದ್ರೆ ಬೈಸ್ಕೊಳ್ಳೋರೂ ನೀವೇ ತಾನೆ?"

ಕೊನೆಯ ಮಾತು ನಾಟಿತು. ಸರಿ, ನಿಂತ್ಕೋ ಎಂದರು.

ಅಲ್ಮಾಜಳ ಪಕ್ಕದಲ್ಲೇ ನಿಂತೆ. ಸೂಪರ್‌ವೈಸರ್ ಆದಮೇಲೆ ಇಡೀ ದಿನ ಮೇಜಿನ ಮುಂದೆ ನಿಂತು ವರ್ಷಗಳಾಗಿದ್ದವು. ಮೊದಲ ಗಂಟೆಯಲ್ಲಿ ಸೆಲ್ವಂ ಸಾರ್ ಹತ್ತಿರ ಬಂದಾಗೆಲ್ಲ ಕೈ ತಾನಾಗಿ ಓಡಲು ಶುರುಮಾಡುತ್ತಿತ್ತು. ಒಂದು ಸಲ ಅಲ್ಮಾಜ್ ನನ್ನ ಮಣಿಕಟ್ಟಿನ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದಳು. ಆಮೇಲೆ ನನಗೆ ನನ್ನ ನಡೆ ಸಿಕ್ಕಿತು. ಊಟದ ಹೊತ್ತಿಗೆ ಸೊಂಟ ಹಿಡಿಯಿತು. ಮಧ್ಯಾಹ್ನದ ಮೇಲೆ ತಣ್ಣೀರಿನಿಂದ ತೆಗೆದ ಹೂಗಳಿಗೆ ಬೆರಳು ಮರಗಟ್ಟಿ ರಬ್ಬರ್ ಜಾರತೊಡಗಿತು. ಎರಡು ಕಟ್ಟು ವಾಪಸ್ಸು ಬಂದವು, ಮೊಗ್ಗು ಸಮವಿರಲಿಲ್ಲ. ನನ್ನ ಕೆಳಗಿನವರ ಕಟ್ಟು ವಾಪಸ್ಸು ಬಂದಾಗ ನಾನು ಆಡುತ್ತಿದ್ದ ಮಾತುಗಳೆಲ್ಲ ನೆನಪಾದವು.

ಎಂಟು ಗಂಟೆ ನಿಂತು ಸಂಜೆ ಎಣಿಸಿದರೆ ಗಂಟೆಗೆ ಮೂವತ್ತೊಂದು ಬಿದ್ದಿತ್ತು. ಸೆಲ್ವಂ ಸಾರ್ ಚೀಟಿ ನೋಡಿದರು. ಹೊಸಬರಿಗೆಂದು ಮೂರು ಬಿಟ್ಟು, ನಲವತ್ತನ್ನು ಅಳಿಸಿ ಇಪ್ಪತ್ತೆಂಟು ಎಂದು ಬರೆದರು. ಇದಕ್ಕಿಂತ ಕೆಳಗೆ ನನ್ನ ಕೈಲಾಗದಮ್ಮಾ ಎಂದರು.

ಕೊನೆಯ ಶನಿವಾರ

ಇಪ್ಪತ್ತೆಂಟೆಂದರೆ ಹೆಚ್ಚಿನವರು ನಕ್ಕುಬಿಟ್ಟರು, ಅವರಿಗೆ ಅದು ಬರುತ್ತಿತ್ತು. ಅಲ್ಮಾಜ್ ಮಾತ್ರ ಇಪ್ಪತ್ತನಾಲ್ಕರಲ್ಲಿ ನಿಂತಿದ್ದಳು. ಉಳಿದ ದಿನಗಳಲ್ಲಿ ನನಗೆ ಗೊತ್ತಿದ್ದ ಒಳದಾರಿಗಳನ್ನೆಲ್ಲ ಅವಳಿಗೆ ಹೇಳಿಕೊಟ್ಟೆ. ರಬ್ಬರನ್ನು ಮೊದಲೇ ಬೆರಳಿಗೆ ಹಾಕಿಕೊಳ್ಳುವುದು, ಕತ್ತರಿಯನ್ನು ಕೆಳಗಿಡದೇ ಇರುವುದು. ಆದರೆ ಹೂವನ್ನು ತಿರುಗಿಸಿ ನೋಡುವುದನ್ನು ಬಿಡು ಎಂದರೆ ಬಿಡುತ್ತಿರಲಿಲ್ಲ. ಮಚ್ಚೆ ಇದ್ದರೆ ಎಂದು ಕೇಳುತ್ತಿದ್ದಳು. ನೋಡಬೇಡ ಎನ್ನಲು ನನಗೂ ಬಾಯಿ ಬರಲಿಲ್ಲ.

ಶನಿವಾರ ಅಳತೆ ಶುರುವಾಯಿತು. ಚೀಟಿ ಪೆನ್ನು ಹಿಡಿದು ಮೇಜಿನಿಂದ ಮೇಜಿಗೆ ನಡೆದೆ. ಸೆಲ್ವಂ ಸಾರ್ ಬಾಗಿಲ ಬಳಿ ಗಡಿಯಾರ ನೋಡುತ್ತಿದ್ದರು. ಗಂಟೆ ಮುಗಿಯಲು ಐದು ನಿಮಿಷವಿದ್ದಾಗ ಅಲ್ಮಾಜಳ ಬುಟ್ಟಿ ಎಣಿಸಿದೆ. ಇಪ್ಪತ್ತಮೂರು. ಎಷ್ಟು ಓಡಿದರೂ ಇನ್ನೆರಡು. ಅವಳಿಗೂ ಗೊತ್ತಿತ್ತು. ಆದರೂ ತಲೆ ಎತ್ತದೆ ಒಂದು ಹೂವನ್ನು ತಿರುಗಿಸಿ ನೋಡುತ್ತಿದ್ದಳು.

ಆಗ ಅವಳ ಬಲಗಡೆಯವಳು ತನ್ನ ಕಟ್ಟೊಂದನ್ನು ಮೆಲ್ಲಗೆ ಅವಳ ಬುಟ್ಟಿಗೆ ಸರಿಸಿದಳು. ಮುಖದಲ್ಲಿ ಏನೂ ಇಲ್ಲ. ಎಡಗಡೆಯವಳು ಇನ್ನೊಂದನ್ನು ಸರಿಸಿದಳು. ಇಬ್ಬರೂ ತಮ್ಮ ಲೆಕ್ಕಕ್ಕಿಂತ ಒಂದು ಕಟ್ಟು ಮುಂದಿದ್ದರು. ನಮ್ಮಲ್ಲಿ ಕಳೆ ಕೀಳುವಾಗ ಒಬ್ಬಳ ಸಾಲು ಹಿಂದೆ ಬಿದ್ದರೆ ಪಕ್ಕದ ಸಾಲಿನವರು ಸೇರಿಸಿ ಕಿತ್ತುಕೊಂಡು ಹೋಗುತ್ತಾರೆ, ಇವತ್ತು ನಿನಗೆ ನಾಳೆ ನನಗೆ ಎನ್ನುವ ಮುಯ್ಯಾಳಿನ ಲೆಕ್ಕ ಅದು. ಇಂಥದ್ದನ್ನು ಹಿಡಿಯುವುದಕ್ಕೇ ನನಗೆ ಸೂಪರ್‌ವೈಸರ್ ಸಂಬಳ. ಹೊಸೂರಿನಲ್ಲಿ ನಾನು ಇದಕ್ಕಾಗಿ ಇಬ್ಬರನ್ನು ಮೆಮೊ ಕೊಟ್ಟು ಮನೆಗೆ ಕಳಿಸಿದ್ದೇನೆ, ಅದರಲ್ಲಿ ಒಬ್ಬಳು ಬಸುರಿ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿಕೊಂಡಿರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಗಂಟೆ ಮುಗಿಯುವಷ್ಟರಲ್ಲಿ ಅಲ್ಮಾಜ್ ತನ್ನ ಎರಡನ್ನು ಕಟ್ಟಿ ಕತ್ತರಿ ಕೆಳಗಿಟ್ಟಳು. ಅವಳದು ಇಪ್ಪತ್ತೈದು, ಸರಿದು ಬಂದದ್ದು ಎರಡು, ಇಪ್ಪತ್ತೇಳು. ಪಕ್ಕದವರಿಬ್ಬರ ಬುಟ್ಟಿಯಲ್ಲೂ ಈಗ ಸರಿಯಾಗಿ ಇಪ್ಪತ್ತೆಂಟೇ ಉಳಿದಿದ್ದವು. ಮಾದರಿಗೆಂದು ನಾನು ಬೆಳಗ್ಗೆ ಕಟ್ಟಿ ಮೇಜಿನ ತುದಿಯಲ್ಲಿಟ್ಟಿದ್ದ ಒಂದು ಕಟ್ಟಿತ್ತು. ಅದನ್ನೆತ್ತಿ ಅಲ್ಮಾಜಳ ಬುಟ್ಟಿಗೆ ಇಟ್ಟೆ. ಇಪ್ಪತ್ತೆಂಟು ಎಂದು ಬರೆದು ಸಹಿ ಹಾಕಿದೆ. ಚೀಟಿಯನ್ನು ಸೆಲ್ವಂ ಸಾರ್ ಕೈಗೆ ಕೊಟ್ಟೆ.

ಹೊಸೂರು

ಮುನಿರತ್ನಕ್ಕನಿಗೆ ನಡೆದದ್ದನ್ನೆಲ್ಲ ಹೇಳಿದ್ದು ಊಟದ ಹೊತ್ತಿನಲ್ಲಿ. ಹೊಗಳುತ್ತಾಳೆ ಎಂದುಕೊಂಡಿದ್ದೆ. ಡಬ್ಬಿಯ ಮುಚ್ಚಳ ಪಟ್ಟೆಂದು ಹಾಕಿದಳು.

"ದೊಡ್ಡ ಧರ್ಮಾತ್ಮಳು ನೀನು! ಆರ್ಡ್ರೆಲ್ಲಾ ಅಲ್ಲಿಗೋದ್ರೆ ನಮ್ ಗತಿ? ಆ ಹೆಂಗಸ್ಗೆ ಕಟ್ಟು ಹಾಕ್ದೆ, ಸರಿ. ಇಲ್ಲಿ ಲಕ್ಷ್ಮೀನ ಹೊಟ್ಟೇಲ್ ಮಗೀರೋವಾಗ ಮನೆಗಟ್ದಲ್ಲ, ಅವಾಗೆಲ್ಲೋಗಿತ್ತು ನಿನ್ ಕರುಳು?"

ಹದಿನೈದು ದಿನ ಅವಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಲಕ್ಷ್ಮಿಯನ್ನು ಹುಡುಕಿಕೊಂಡು ಕೆಲಮಂಗಲಕ್ಕೂ ಹೋಗಿ ಬಂದೆ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಳು. ಮಗ ನಾಲ್ಕನೇ ಕ್ಲಾಸಂತೆ. ಕೆಲಸಕ್ಕೆ ಬಾ ಎಂದೆ, ನಿಮ್ಮ ಕೈಕೆಳಗೆ ಬರಲ್ಲಕ್ಕ ಎಂದಳು. ಅದೂ ನ್ಯಾಯವೇ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ, ನಾವೆಲ್ಲ ಊಟಕ್ಕೆ ಕೂತಿದ್ದಾಗ, ತಿಗಿಸ್ತ್ ಫೋನ್ ಮಾಡಿದಳು. ಅಲ್ಮಾಜ್ ಪಕ್ಕದಲ್ಲೇ ಇದ್ದಾಳೆ, ಏನೋ ಕೇಳಬೇಕಂತೆ ಎಂದಳು. ಎಲ್ಲರೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ರಟ್ಟಿನ ಮೇಲೆ ಕಟ್ಟಿದವರ ನಂಬರ್ ಇರುತ್ತದೆ, ಅಲ್ಮಾಜಳ ನಂಬರಿನ ಕಟ್ಟುಗಳಲ್ಲಿ ಒಂದೂ ಮಚ್ಚೆಯ ಹೂ ಸಿಗಲಿಲ್ಲವೆಂದು ಹೊರದೇಶದ ಗಿರಾಕಿಯೊಬ್ಬರು ಹೊಗಳಿ ಬರೆದಿದ್ದರಂತೆ. ಹೊಸದಾಗಿ ಸೇರುವ ಹೆಂಗಸರಿಗೆ ಇನ್ನು ಮೇಲೆ ಅವಳೇ ಕಲಿಸಬೇಕಂತೆ. ನಾಳೆ ಮೊದಲ ಪಾಠ, ಸೆಲ್ವಂ ಸಾರ್ ಫೋನ್ ಹಿಡಿದು ನಿಲ್ಲುತ್ತಾರೆ. ಅದಕ್ಕೆ ಅವಳು ಕೇಳುತ್ತಿದ್ದಾಳೆ, ಎಷ್ಟು ವೇಗವಾಗಿ ತೋರಿಸಲಿ ಎಂದು.

ನಾನು ಕೇಳಿದ್ದನ್ನು ಕನ್ನಡದಲ್ಲಿ ಹೇಳಿದೆ. ಮುನಿರತ್ನಕ್ಕ ಕೈಯಲ್ಲಿದ್ದ ಮುದ್ದೆ ತಟ್ಟೆಗೆ ಹಾಕಿ, ಫೋನಿನ ಹತ್ತಿರ ಬಗ್ಗಿದಳು.

"ಬೆಳಗ್ಗೆ ತೋರ್ಸ್ಬೇಡ ಅನ್ನು. ಸಾಯಂಕಾಲ ಕೈ ಸೋತ್ಮೇಲೆ ತೋರ್ಸು ಅನ್ನು. ಆ ಕೈ ಸುಳ್ಳೇಳಲ್ಲ."

ಇಂಗ್ಲಿಷಿನಲ್ಲಿ ಹೇಳಿದೆ. ಆ ಕಡೆ ಇಬ್ಬರೂ ಏನೋ ಮಾತಾಡಿಕೊಂಡರು. ಆಮೇಲೆ ತಿಗಿಸ್ತ್ ಕೇಳಿದಳು, "ನಿಮ್ಮಲ್ಲಿ ಹಾಗೇ ತೋರಿಸ್ತೀರಾ ಅಂತ ಕೇಳ್ತಿದಾಳೆ."

ಮುನಿರತ್ನಕ್ಕ ನನ್ನ ಮುಖ ನೋಡಿದಳು. ನಮ್ಮಲ್ಲಿ ಹೊಸಬರು ಬಂದರೆ ಬೆಳಗ್ಗೆ ಮೊದಲ ಗಂಟೆಯಲ್ಲೇ ಅವರನ್ನು ಎಲ್ಲರಿಗಿಂತ ಜೋರಾದ ಕೈಯವಳ ಪಕ್ಕ ನಿಲ್ಲಿಸುತ್ತೇವೆ. ಆ ಪದ್ಧತಿ ಮಾಡಿದವಳೂ ನಾನೇ.

"ಇಲ್ಲ, ಇಷ್ಟು ದಿನ ಇಲ್ಲ ಅಂತ ಹೇಳಿ," ಎಂದೆ.

ಮುಂದಿನ ಸೋಮವಾರ ಜವಳಗಿರಿ ಕಡೆಯಿಂದ ಮೂವರು ಹೊಸ ಹೆಂಗಸರು ಬಂದರು. ಬೆಳಗ್ಗೆಯೆಲ್ಲ ಅವರಿಗೆ ಬಕೆಟ್ ತೊಳೆಯುವುದು, ಎಲೆ ಗುಡಿಸುವುದು ಅಷ್ಟೇ ಕೊಟ್ಟೆ. ಆಫೀಸಿನಿಂದ ಎರಡು ಸಲ ಕೇಳಿಕಳಿಸಿದರು, ಇನ್ನೂ ಮೇಜಿಗೆ ಹಾಕಿಲ್ಲವೇ ಎಂದು. ಸಂಜೆ ನಾಲ್ಕಾದ ಮೇಲೆ ಮೂವರನ್ನೂ ಕರೆದು, ದಿನವಿಡೀ ನಿಂತು ಸೊಂಟ ಹಿಡಿದುಕೊಂಡಿದ್ದ ಮುನಿರತ್ನಕ್ಕನ ಪಕ್ಕದಲ್ಲಿ ನಿಲ್ಲಿಸಿ, ಈಗ ನೋಡ್ರಮ್ಮಾ, ಇಷ್ಟ್ ಬೇಗ ಕಟ್ಟಿದ್ರೆ ಸಾಕು ಎಂದೆ.